ಎಷ್ಟು ಮಂದಿ ಉಳಿದರು? ವಿಶ್ವವಿದ್ಯಾಲಯದ ಚರಿತ್ರೆಗೊಂದು ಲೆಕ್ಕ

ವಿಶ್ವವಿದ್ಯಾಲಯದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಟ್ಟಡ, ಕುಲಪತಿ, ಘಟಿಕೋತ್ಸವಗಳ ಇಸವಿಗಳನ್ನು ಕೊಡುತ್ತಾರೆ. ಅಲ್ಲಿ ಪಾಠ ಹೇಳಿದವರು ಎಷ್ಟು ವರ್ಷ ಉಳಿದರು, ಏಕೆ ಬಿಟ್ಟುಹೋದರು ಎಂಬುದು ಕಾಣುವುದು ಅಪರೂಪ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡಬಹುದು.

ಅದು 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಓದಿದ ಗಣಿತಜ್ಞರು. 13 ವರ್ಷ ಒಂದೇ ಹುದ್ದೆಯಲ್ಲಿ! ಕರ್ನಾಟಕದ 2000ರ ವಿಶ್ವವಿದ್ಯಾಲಯ ಕಾಯ್ದೆಯಂತೆ ಕುಲಪತಿಯ ಅವಧಿ 4 ವರ್ಷ. ಆದರೆ ಕುಲಪತಿಗಳ ಲೆಕ್ಕ ಸುಲಭ, ಫಲಕದ ಮೇಲೆ ಬರೆದಿರುತ್ತದೆ. ಕಷ್ಟವಿರುವುದು ಅಧ್ಯಾಪಕರ ಲೆಕ್ಕದಲ್ಲಿ.

ಒಂದು ವಿಭಾಗಕ್ಕೆ ಐವರು ಸೇರಿದರು ಎಂದುಕೊಳ್ಳಿ. ಒಬ್ಬರು 2 ವರ್ಷಕ್ಕೆ, ಇನ್ನೊಬ್ಬರು 5 ವರ್ಷಕ್ಕೆ ಬಿಟ್ಟರು. ಉಳಿದ ಮೂವರು ಇನ್ನೂ ನೌಕರಿಯಲ್ಲಿದ್ದಾರೆ: ಅವರ ಸೇವೆ ಇಂದಿಗೆ 3, 8 ಮತ್ತು 10 ವರ್ಷ. ಬಿಟ್ಟವರ ಸರಾಸರಿ ಮಾತ್ರ ತೆಗೆದರೆ ಮೂರೂವರೆ ವರ್ಷ. 'ಇಲ್ಲಿ ಯಾರೂ ನಿಲ್ಲುವುದಿಲ್ಲ' ಎಂಬ ಮಾತು ಹುಟ್ಟುವುದು ಹೀಗೆ. ಇದ್ದವರನ್ನೂ ಲೆಕ್ಕಕ್ಕೆ ಹಿಡಿಯಬೇಕು, ಆದರೆ ಅವರು ಇನ್ನೆಷ್ಟು ವರ್ಷ ಇರುತ್ತಾರೋ ಗೊತ್ತಿಲ್ಲ.

ಈ ತೊಡಕು ಹಳೆಯದು. 1662ರಲ್ಲಿ ಲಂಡನ್ನಿನ ಜಾನ್ ಗ್ರಾಂಟ್ ಸಾವಿನ ಪಟ್ಟಿಗಳಿಂದ, 1693ರಲ್ಲಿ ಧೂಮಕೇತುವಿನ ಎಡ್ಮಂಡ್ ಹ್ಯಾಲಿ ಬ್ರೆಸ್ಲಾವ್ ಪಟ್ಟಣದ ದಾಖಲೆಗಳಿಂದ, ಯಾವ ವಯಸ್ಸಿಗೆ ಎಷ್ಟು ಜನ ಉಳಿಯುತ್ತಾರೆ ಎಂದು ಕೋಷ್ಟಕ ಮಾಡಿದರು. 1958ರಲ್ಲಿ, ಧಾರವಾಡದಲ್ಲಿ ಪಾವಟೆಯವರ ಕಾಲ ನಡೆದಿದ್ದಾಗಲೇ, ಅಮೆರಿಕದ ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮಯರ್ ಒಂದು ಸರಳ ವಿಧಾನ ಪ್ರಕಟಿಸಿದರು. ಒಬ್ಬರ ಚಿಂತೆ ಸಮುದ್ರದಡಿಯ ಟೆಲಿಫೋನ್ ತಂತಿಯ ವಾಲ್ವುಗಳ ಬಾಳಿಕೆ, ಇನ್ನೊಬ್ಬರದು ರೋಗಿಗಳ ಆಯುಷ್ಯ. ಬೇರೆ ಬೇರೆಯಾಗಿ ಬರೆದವರು ಕೊನೆಗೆ ಒಂದೇ ಲೇಖನ ಮಾಡಿದರು. ಇದೇ 'ಸರ್ವೈವಲ್ ಅನಾಲಿಸಿಸ್'. ಉಳಿವಿನ ವಿಶ್ಲೇಷಣೆ ಎನ್ನೋಣ. ಉರ್ದುವಿನ 'ಬಖಾ' ಪದ ಇಲ್ಲಿ ಇನ್ನೂ ಚೆನ್ನಾಗಿ ಹೊಂದುತ್ತದೆ.

ನಮ್ಮ ಐವರಿಗೆ ಹಚ್ಚಿ ನೋಡೋಣ. 2ನೇ ವರ್ಷದಲ್ಲಿ ಐವರಲ್ಲಿ ನಾಲ್ವರು ಉಳಿದರು: 0.8. 3 ವರ್ಷದ ಸೇವೆಯವರು ಅಲ್ಲಿಯವರೆಗೆ ಲೆಕ್ಕದಲ್ಲಿದ್ದು, ಬಿಟ್ಟವರೆನಿಸಿಕೊಳ್ಳದೆ ಪಕ್ಕಕ್ಕೆ ಸರಿಯುತ್ತಾರೆ. ಇದಕ್ಕೆ 'ಸೆನ್ಸರಿಂಗ್' ಎನ್ನುತ್ತಾರೆ, ಸಿನಿಮಾ ಸೆನ್ಸಾರಿಗೂ ಇದಕ್ಕೂ ಸಂಬಂಧವಿಲ್ಲ. 5ನೇ ವರ್ಷದಲ್ಲಿ ಇದ್ದ ಮೂವರಲ್ಲಿ ಇಬ್ಬರು ಉಳಿದರು. 0.8ನ್ನು ಮೂರರಲ್ಲಿ ಎರಡು ಭಾಗದಿಂದ ಗುಣಿಸಿದರೆ ಸುಮಾರು 0.53. ಅಂದರೆ 5 ವರ್ಷ ದಾಟುವವರು ಅರ್ಧಕ್ಕಿಂತ ಹೆಚ್ಚು! ಮೊದಲಿನ ಸರಾಸರಿಗೂ ಇದಕ್ಕೂ ಎಷ್ಟು ಅಂತರ ನೋಡಿ.

ಇಷ್ಟಾದರೂ ಚರಿತ್ರೆಯ ಕೆಲಸ ಮುಗಿಯುವುದಿಲ್ಲ. 'ಬಿಟ್ಟರು' ಎಂದರೇನು? ಕಲಬುರ್ಗಿಯಲ್ಲಿದ್ದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2010ರಲ್ಲಿ ಬೆಳಗಾವಿಯ ಕೇಂದ್ರ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಇಂಥ ಕೇಂದ್ರದಲ್ಲಿ ಪಾಠ ಮಾಡುತ್ತಿದ್ದವರು ಅದೇ ಕೋಣೆಯಲ್ಲಿ, ಅದೇ ಕಪ್ಪುಹಲಗೆಯ ಮುಂದೆ ನಿಂತಿದ್ದರೂ ಧಾರವಾಡದ ಪಟ್ಟಿಯಲ್ಲಿ ಇಲ್ಲವಾಗುತ್ತಾರೆ. ಅವರನ್ನು ರಾಜೀನಾಮೆ ಕೊಟ್ಟವರ ಜೊತೆ ಸೇರಿಸಿದರೆ ತಪ್ಪು ಲೆಕ್ಕ. ನಿವೃತ್ತಿ ಬೇರೆ, ಮರಣ ಬೇರೆ, ಹೆಚ್ಚಿನ ಹುದ್ದೆಗೆ ಹೋಗುವುದು ಬೇರೆ. ಡಾ. ಎಂ. ಎಂ. ಕಲಬುರ್ಗಿಯವರು ಧಾರವಾಡದಲ್ಲಿ ದಶಕಗಳ ಕಾಲ ಕಲಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು. ಅದನ್ನು ನಷ್ಟವೆಂದು ಬರೆಯಲು ನನಗಂತೂ ಮನಸ್ಸಾಗದು.

ಇನ್ನು ಅತಿಥಿ ಉಪನ್ಯಾಸಕರು. ಅವರ ನೇಮಕ ಶೈಕ್ಷಣಿಕ ವರ್ಷದೊಂದಿಗೆ ಮುಗಿಯುತ್ತದೆ, ಮರುವರ್ಷ ಮತ್ತೆ ಅರ್ಜಿ. ಕರೆ ಬಾರದಿದ್ದರೆ ಅವರು ಬಿಟ್ಟವರೋ, ಬಿಡಿಸಲ್ಪಟ್ಟವರೋ? ಈ ಲೆಕ್ಕಕ್ಕೆ ಬೇಕಾದದ್ದು ಮೂರೇ: ಸೇರಿದ ದಿನ, ಕೊನೆಯ ದಿನ, ಕಾರಣ. ಖಾಯಂ ಅಧ್ಯಾಪಕರಿಗೆ ಸೇವಾ ಪುಸ್ತಕದಲ್ಲಿ ಮೂರೂ ಸಿಗುತ್ತವೆ. ಅತಿಥಿಗಳಿಗೆ ಸೇವಾ ಪುಸ್ತಕವಿಲ್ಲ. ಅವರನ್ನು ಹಳೆಯ ವೇಳಾಪಟ್ಟಿಗಳಲ್ಲಿ, ಸಂಭಾವನೆಯ ಬಿಲ್ಲುಗಳಲ್ಲಿ ಹುಡುಕಬೇಕು. ಪದವಿ ಕಾಲೇಜಿಗೆ ಹೋಗುತ್ತಿರುವ ನಮ್ಮ ವಿದ್ಯಾರ್ಥಿಗಳು ತಮ್ಮ ವಿಭಾಗದ ವೇಳಾಪಟ್ಟಿಗಳನ್ನು ರದ್ದಿಗೆ ಹೋಗುವ ಮೊದಲೇ ಕೇಳಿ ಪಡೆದು, ಹೆಸರು ಮತ್ತು ಇಸವಿಗಳನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಕೆಲಸ ಶುರುವಾದಂತೆಯೇ.