ಗಹಮರ್: ಸೈನಿಕರ ಊರಿನ ಹಬ್ಬಗಳು

ಗಹಮರ್ ಉತ್ತರ ಪ್ರದೇಶದ ಗಾಜೀಪುರ ಜಿಲ್ಲೆಯ ಪೂರ್ವಭಾಗದಲ್ಲಿ, ಗಂಗೆಯ ದಡದಲ್ಲಿರುವ ದೊಡ್ಡ ಹಳ್ಳಿ. ಬಿಹಾರದ ಗಡಿ ಇಲ್ಲಿಗೆ ಬಹು ಹತ್ತಿರ. ಜನರ ಮಾತು ಭೋಜಪುರಿ. 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 25 ಸಾವಿರ ದಾಟಿತ್ತು. ಸಿಕರವಾರ ಕುಲದ ರಜಪೂತರು ನೆಲೆಯೂರಿದ ಈ ಹಳ್ಳಿ ತಲೆಮಾರುಗಳಿಂದ ಸೇನೆಗೆ ಆಳುಗಳನ್ನು ಕಳಿಸಿ ಹೆಸರಾಗಿದೆ. ಇಲ್ಲಿನ ಹಬ್ಬಗಳಲ್ಲಿ ಮೂರು ಎಳೆಗಳು ಸೇರಿವೆ: ಕುಲದೇವತೆಯ ಆರಾಧನೆ, ನದಿ ಮತ್ತು ಬೆಳೆಯನ್ನು ಅನುಸರಿಸುವ ಭೋಜಪುರಿ ಸೀಮೆಯ ಆಚರಣೆ, ಮನೆಯವರ ಕ್ಷೇಮಕ್ಕಾಗಿ ಹೆಂಗಸರು ಹಿಡಿಯುವ ವ್ರತಗಳು.

ಊರಿನ ಹುಟ್ಟಿನ ಬಗ್ಗೆ ಕುಲದವರು ಹೇಳಿಕೊಂಡು ಬಂದ ಕಥೆಯೊಂದಿದೆ. ಸಿಕರವಾರರ ಮೂಲ ನೆಲೆ ಸಿಕ್ರಿ. ಮುಂದೆ ಅಕ್ಬರ್ ರಾಜಧಾನಿ ಕಟ್ಟಿದ ಜಾಗ. 1527ರಲ್ಲಿ ಅದರ ಸಮೀಪದ ಖಾನ್ವಾದಲ್ಲಿ ಮೇವಾಡದ ರಾಣಾ ಸಂಗಾ ಬಾಬರನಿಗೆ ಸೋತ. ರಾಣಾನ ಪರವಾಗಿ ಹೋರಾಡಿದ ಸಿಕರವಾರರು ನೆಲೆ ಕಳೆದುಕೊಂಡು ಪೂರ್ವಕ್ಕೆ ಸರಿದರು. ಅವರಲ್ಲಿ ಧಾಮದೇವ ರಾವ್ ಎಂಬಾತ 1530ರ ಸುಮಾರಿಗೆ ಗಂಗೆಯ ದಡದ ಕಾಡು ಕಡಿದು ಊರು ಕಟ್ಟಿದ ಎಂಬುದು ಪ್ರತೀತಿ. ವಂಶ ಬೆಳೆದಂತೆ ಊರು 'ಪಟ್ಟಿ'ಗಳಾಗಿ ಒಡೆಯಿತು. ಇಂದು ಅಂಥ 22 ಪಟ್ಟಿಗಳನ್ನು ಹೆಸರಿಸುತ್ತಾರೆ. ಹಲವಕ್ಕೆ ಹಿರಿಯರ ಹೆಸರೇ ಉಳಿದಿದೆ.

ಸೈನ್ಯದ ನಂಟು ಈ ಸೀಮೆಗೆ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆ ತನ್ನ ಸಿಪಾಯಿಗಳಲ್ಲಿ ಹೆಚ್ಚಿನವರನ್ನು ಅವಧ್ ಮತ್ತು ಭೋಜಪುರದ ಬ್ರಾಹ್ಮಣ, ರಜಪೂತ ರೈತ ಕುಟುಂಬಗಳಿಂದ ಆರಿಸಿಕೊಳ್ಳುತ್ತಿತ್ತು. 1857–58ರ ದಂಗೆಯಲ್ಲಿ ಗಹಮರ್ ಮೇಘರ್ ಸಿಂಗ್ ಮುಂದಾಳುತನದಲ್ಲಿ ಕಂಪನಿಯ ವಿರುದ್ಧ ನಿಂತಿತು. ದಂಗೆ ಅಡಗಿದ ಮೇಲೆ ಬ್ರಿಟಿಷರು ಸೇನೆಗೆ ಪಂಜಾಬಿನ ಕಡೆಯವರನ್ನು ಹೆಚ್ಚು ತೆಗೆದುಕೊಂಡರೂ ಈ ಊರಿನ ನಂಟು ಕಡಿಯಲಿಲ್ಲ. ಮೊದಲ ಮಹಾಯುದ್ಧಕ್ಕೆ ಇಲ್ಲಿಂದ 228 ಮಂದಿ ಹೋದರು, ಅವರಲ್ಲಿ 21 ಮಂದಿ ಮರಳಲಿಲ್ಲ ಎಂದು ಊರಿನ ಸ್ಮಾರಕ ಶಿಲೆ ಹೇಳುತ್ತದೆ. ಸೇನೆಗೆ ಸೇರುವ ವಾಡಿಕೆ ಸ್ವಾತಂತ್ರ್ಯಾನಂತರವೂ ಮುಂದುವರಿದು, ನಿವೃತ್ತ ಸೈನಿಕರಿಲ್ಲದ ಓಣಿ ಸಿಗುವುದೇ ಅಪರೂಪ ಎಂಬಂತಾಯಿತು.

ಈ ಊರಿನ ಧಾರ್ಮಿಕ ಬದುಕಿನ ನಡುವಿನಲ್ಲಿರುವುದು ಕಾಮಾಖ್ಯಾ ದೇವಿ. ಸಿಕರವಾರರ ಕುಲದೇವತೆಯಾದ ಈಕೆಯನ್ನು ಪೂರ್ವಜರು ಸಿಕ್ರಿಯಿಂದ ತಮ್ಮೊಂದಿಗೆ ಕರೆತಂದರೆಂದು ನಂಬಿಕೆ. ಚೈತ್ರ ಮತ್ತು ಶರತ್ ಋತುವಿನ ಎರಡೂ ನವರಾತ್ರಿಗಳಲ್ಲಿ ಊರ ಬಳಿಯ ಅವಳ ಗುಡಿಯಲ್ಲಿ ಜಾತ್ರೆ ಸೇರುತ್ತದೆ. ಸೇನೆಗೆ ಸೇರುವ ಹುಡುಗರು ಹೊರಡುವ ಮುನ್ನ, ಸೈನಿಕರು ರಜೆಯಲ್ಲಿ ಬಂದಾಗ, ಇಲ್ಲಿ ಕೈಮುಗಿಯುತ್ತಾರೆ. ಯುದ್ಧಭೂಮಿಯಲ್ಲಿ ಊರಿನ ಮಕ್ಕಳನ್ನು ಕಾಯುವವಳು ಇವಳೇ ಎಂಬ ಭಾವನೆ ಆಳವಾಗಿದೆ. ಒಂದು ಕುಲದ ದೇವತೆಯಾಗಿ ಬಂದವಳಿಗೆ ಇಂದು ಸುತ್ತಲಿನ ಎಲ್ಲ ಜಾತಿಯವರೂ ಹರಕೆ ಹೊರುತ್ತಾರೆ. ವಿಜಯದಶಮಿಯಂದು ಆಯುಧ ಪೂಜಿಸುವುದು ರಜಪೂತರ ಹಳೆಯ ಪದ್ಧತಿ.

ಬೆಳೆಯೊಂದಿಗೆ ಬರುವ ಹಬ್ಬಗಳು ಇಡೀ ಭೋಜಪುರಿ ಸೀಮೆಗೆ ಸೇರಿದವು. ಮಕರ ಸಂಕ್ರಾಂತಿಯನ್ನು ಇಲ್ಲಿ 'ಖಿಚಡಿ' ಎನ್ನುತ್ತಾರೆ. ಗಂಗಾಸ್ನಾನ ಮುಗಿಸಿ ಎಳ್ಳು ಬೆಲ್ಲ, ಮೊಸರವಲಕ್ಕಿ ತಿನ್ನುವುದು, ಉದ್ದಿನ ಬೇಳೆಯ ಖಿಚಡಿ ಮಾಡುವುದು ಅಂದಿನ ವಾಡಿಕೆ. ವಸಂತ ಪಂಚಮಿಯಿಂದ ಢೋಲಕ್, ತಾಳಗಳೊಂದಿಗೆ ಗಂಡಸರ 'ಫಗುವಾ' ಹಾಡು ಆರಂಭವಾಗುತ್ತದೆ. ಫಾಲ್ಗುಣ ಹುಣ್ಣಿಮೆಯ ರಾತ್ರಿ ಹೋಲಿಕಾ ದಹನದ ಬೆಂಕಿ, ಮರುದಿನ ಬಣ್ಣದ ಹೋಳಿ. ಉತ್ತರದ ಪಂಚಾಂಗದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ಆ ಬಣ್ಣದ ದಿನವೇ ಚೈತ್ರದ ಮೊದಲ ದಿನ. ಹೀಗಾಗಿ ಹೋಳಿ ಕಳೆಯುತ್ತಿದ್ದಂತೆ ಫಗುವಾ ನಿಂತು 'ಚೈತಾ' ಎಂಬ ಬೇರೆ ಧಾಟಿಯ ಹಾಡುಗಬ್ಬ ಶುರುವಾಗುತ್ತದೆ. ಗೋಧಿ, ಕಡಲೆ ಮನೆಗೆ ಬರುವ ಕಾಲಕ್ಕೆ, ಮೇಷ ಸಂಕ್ರಾಂತಿಯಂದು, 'ಸತುವಾನ್': ಹುರಿದ ಕಡಲೆಯ ಹಿಟ್ಟಾದ ಸತ್ತುವನ್ನು ಮಾವಿನಕಾಯಿ ಚಟ್ನಿಯೊಂದಿಗೆ ಉಣ್ಣುವ ದಿನ.

ಹೆಂಗಸರ ವ್ರತಗಳಲ್ಲಿ ತಾಯಂದಿರಿಗೆ ಮುಖ್ಯವಾದುದು 'ಜಿಉತಿಯಾ'. ಅಲ್ಲಿನ ಲೆಕ್ಕದಲ್ಲಿ ಆಶ್ವಯುಜ ಕೃಷ್ಣ ಅಷ್ಟಮಿ, ಕನ್ನಡಿಗರ ಪಂಚಾಂಗದಲ್ಲಿ ಭಾದ್ರಪದ ಬಹುಳ ಅಷ್ಟಮಿ. ಮಕ್ಕಳ ಆಯಸ್ಸಿಗಾಗಿ ತಾಯಂದಿರು ನೀರೂ ಮುಟ್ಟದೆ ಉಪವಾಸ ಮಾಡುತ್ತಾರೆ. ಗರುಡನಿಗೆ ಬಲಿಯಾಗಬೇಕಿದ್ದ ನಾಗನ ಬದಲು ತನ್ನನ್ನೇ ಒಪ್ಪಿಸಿಕೊಂಡ ಜೀಮೂತವಾಹನನ ಕಥೆಯನ್ನು ಅಂದು ಕೇಳುವುದುಂಟು. ವ್ರತದ ಅಡುಗೆಯಲ್ಲಿ ರಾಗಿ ರೊಟ್ಟಿಗೂ ಗೋಣಿ ಸೊಪ್ಪಿಗೂ ಜಾಗವಿದೆ. ದೀಪಾವಳಿಯ ಬೆನ್ನಿಗೆ ಬರುವ 'ಗೋಧನ್' ಅಣ್ಣತಮ್ಮಂದಿರಿಗಾಗಿ. ಸಗಣಿಯಲ್ಲಿ ಯಮನ ಆಕೃತಿ ಮಾಡಿ ಹೆಂಗಸರು ಒನಕೆಯಿಂದ ಕುಟ್ಟುತ್ತಾರೆ. ಮೊದಲು ಸಹೋದರರಿಗೆ ಶಾಪ ಹಾಕಿ, ಆ ತಪ್ಪಿಗೆ ಮುಳ್ಳಿನಿಂದ ನಾಲಗೆ ಚುಚ್ಚಿಕೊಂಡು, ಬಳಿಕ ದೀರ್ಘಾಯುಷ್ಯ ಹರಸುತ್ತಾರೆ. ಗಂಡನಿಗಾಗಿ ಭಾದ್ರಪದದ ತೀಜ್. ಈ ವ್ರತಗಳು ಸೈನಿಕರಿಗಾಗಿ ಹುಟ್ಟಿದವಲ್ಲ. ಆದರೆ ಮಗ, ಅಣ್ಣ, ಗಂಡ ಗಡಿಯಲ್ಲಿರುವ ಮನೆಗಳೇ ತುಂಬಿದ ಊರಿನಲ್ಲಿ ಇವುಗಳ ಹರಕೆಗೆ ನೇರವಾದ ಅರ್ಥವಿದೆ.

ವರ್ಷದ ಅತಿ ದೊಡ್ಡ ಹಬ್ಬ ಕಾರ್ತಿಕ ಶುಕ್ಲ ಷಷ್ಠಿಯ 'ಛಠ್'. ಇದು ನಾಲ್ಕು ದಿನಗಳ ಸೂರ್ಯಾರಾಧನೆ. ಚೌತಿಯಂದು ಮಿಂದು ಅನ್ನ, ಕಡಲೆಬೇಳೆ, ಸೋರೆಕಾಯಿಯ ಊಟ. ಪಂಚಮಿಯ ಸಂಜೆ ಬೆಲ್ಲದ ಪಾಯಸ, ರೊಟ್ಟಿ. ಅಲ್ಲಿಂದ ಸುಮಾರು 36 ಗಂಟೆ ನೀರಿಲ್ಲದ ಉಪವಾಸ. ಷಷ್ಠಿಯಂದು ಮುಳುಗುವ ಸೂರ್ಯನಿಗೂ ಸಪ್ತಮಿಯಂದು ಹುಟ್ಟುವ ಸೂರ್ಯನಿಗೂ ನೀರಿನಲ್ಲಿ ನಿಂತು ಅರ್ಘ್ಯ ಕೊಡುತ್ತಾರೆ. ಬಿದಿರಿನ ಮೊರದಲ್ಲಿ ಹಣ್ಣು ಹಾಗೂ ಗೋಧಿಹಿಟ್ಟು, ಬೆಲ್ಲ, ತುಪ್ಪದ 'ಠೇಕುವಾ' ಇಟ್ಟು ಕಬ್ಬಿನ ಜಲ್ಲೆಯೊಂದಿಗೆ ಘಾಟಿಗೆ ತರುತ್ತಾರೆ. ಈ ಪೂಜೆಗೆ ಪುರೋಹಿತ ಬೇಕಿಲ್ಲ. ವ್ರತ ಹಿಡಿದವರೇ ಅರ್ಘ್ಯ ಕೊಡುತ್ತಾರೆ. ಮೊರ ಹೆಣೆಯುವವರು ಡೋಮ್ ಸಮುದಾಯದವರು, ಹಣತೆ ಮಾಡುವವರು ಕುಂಬಾರರು. ಮೇಲು ಕೀಳಿನ ಗೆರೆ ಗಟ್ಟಿಯಾಗಿದ್ದ ಸಮಾಜದಲ್ಲಿ ಎಲ್ಲರೂ ಒಂದೇ ನದಿಗೆ ಇಳಿಯುವ ಈ ಹಬ್ಬದ ಬೆಲೆ ದೊಡ್ಡದು.

ನೌಕರಿಗಾಗಿ ದೂರ ಹೋದವರು ಊರಿಗೆ ಮರಳಲು ಹವಣಿಸುವುದು ಈ ಛಠ್‌ಗೇ. ಆ ವಾರ ದೆಹಲಿ, ಮುಂಬಯಿಗಳಿಂದ ಪೂರ್ವಕ್ಕೆ ಓಡುವ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬರಲಾಗದವರು ತಾವಿರುವಲ್ಲೇ ಕೆರೆಯನ್ನೋ ಕೊಳವನ್ನೋ ಹುಡುಕಿ ಅರ್ಘ್ಯ ಕೊಡುತ್ತಾರೆ; ಬೆಂಗಳೂರಿನ ಕೆರೆಗಳ ಬಳಿಯೂ ಇದು ಕಾಣುತ್ತದೆ. ಗಹಮರ್‌ನ ರಜಪೂತರಿಗೆ ಕಾಮಾಖ್ಯೆ ತಮ್ಮ ಕುಲದ ನೆನಪನ್ನು ಉಳಿಸಿಕೊಟ್ಟರೆ, ಖಿಚಡಿ, ಫಗುವಾ, ಛಠ್‌ಗಳು ಅವರನ್ನು ನೆರೆಹೊರೆಯ ಎಲ್ಲರೊಂದಿಗೆ ಬೆಸೆದಿವೆ. ಪಶ್ಚಿಮದಿಂದ ವಲಸೆ ಬಂದ ಕುಲವೊಂದು ಸುಮಾರು ಐದು ಶತಮಾನಗಳಲ್ಲಿ ಪೂರ್ವದ ಈ ಮಣ್ಣಿನದೇ ಆದದ್ದು ಹೀಗೆ: ತನ್ನ ದೇವತೆಯನ್ನು ಬಿಡದೆ, ನೆರೆಯವರ ಹಬ್ಬಗಳನ್ನೂ ತನ್ನವನ್ನಾಗಿ ಮಾಡಿಕೊಂಡು.