ಹಳದಿ ಬಾಣದ ಪಾದ್ರಿ

ಒಂದು ಡಬ್ಬಿ ಬಣ್ಣ ಏನು ಮಾಡಬಹುದು ಹೇಳಿ? ಸ್ಪೇನಿನ ಸಾಂತಿಯಾಗೊ ದಾರಿಯ ಸುದ್ದಿ ಓದುವಾಗಲೆಲ್ಲ ನನಗೆ ಈ ಪ್ರಶ್ನೆ ಬರುತ್ತೆ.

ಯೇಸುವಿನ ಶಿಷ್ಯ ಯಾಕೋಬನ ಸಮಾಧಿ ಇದೆ ಅಂತ ನಂಬಿ, ಮಧ್ಯಯುಗದಲ್ಲಿ ಯುರೋಪಿಗೆ ಯುರೋಪೇ ನಡೆದ ದಾರಿ ಅದು. ಆಮೇಲೆ ಜನ ಮರೆತರು, ಎಷ್ಟೋ ಕಡೆ ಪೊದೆ ಬೆಳೆಯಿತು. ಓ ಸೆಬ್ರೇರೊ ಎಂಬ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಲಿನ್ಯಾ ಈ ದಾರಿಯ ಮೇಲೇ ಡಾಕ್ಟರೇಟ್ ಮಾಡಿದವರು. ಬರೆದು ಸುಮ್ಮನೆ ಕೂರಲಿಲ್ಲ ನೋಡಿ. 1984ರಲ್ಲಿ ಕಾರಿಗೆ ಹಳದಿ ಬಣ್ಣ ತುಂಬಿಕೊಂಡು ಹೊರಟು ಮರ, ಕಲ್ಲು, ಗೋಡೆ ಕಂಡಲ್ಲೆಲ್ಲ ಬಾಣ ಬಳಿದರು. ಪೊಲೀಸರು ತಡೆದು ಇದೇನಯ್ಯಾ ಅಂದರೆ, ದೊಡ್ಡ ದಂಡಯಾತ್ರೆಗೆ ತಯಾರಿ ಅಂದರಂತೆ!

ದಂಡು ಬಂದೇಬಿಡ್ತು. 1987ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಇದನ್ನು ತನ್ನ ಮೊದಲ ಸಾಂಸ್ಕೃತಿಕ ಮಾರ್ಗ ಎಂದಿತು. 1993ರಲ್ಲಿ ಯುನೆಸ್ಕೊ ಪಟ್ಟಿ. 2024ರಲ್ಲಿ ಸುಮಾರು 5 ಲಕ್ಷ ಯಾತ್ರಿಕರು. ಕೊನೆಯ 100 ಕಿಲೋಮೀಟರ್ ನಡೆದರೆ ಪ್ರಮಾಣಪತ್ರ ಸಿಗುತ್ತೆ, ಹಲವರಿಗೆ ಅಷ್ಟೇ ಸಾಕು. ದೇವರನ್ನು ನಂಬದವರೂ ನಡೀತಾರೆ, ನನ್ನ ತಕರಾರಿಲ್ಲ. ನನ್ನ ಚಿಂತೆ ಸಾಂತಿಯಾಗೊ ಊರಿನವರದ್ದು. ಹಳೇ ಪೇಟೆಯ ಮನೆಗಳು ಪ್ರವಾಸಿಗರ ಬಾಡಿಗೆಗೆ ಹೋಗ್ತಿವೆ, ಅಲ್ಲೇ ಬಾಳಿದವರಿಗೆ ಮನೆ ಸಿಗ್ತಿಲ್ಲ.

ಪಾದ್ರಿ 1989ರಲ್ಲೇ ತೀರಿಕೊಂಡರು. ಈ ಜಾತ್ರೆ ಅವರು ನೋಡಲಿಲ್ಲ.