ಕಡಲಡಿಯ ಟರ್ಬೈನ್‌ಗಳೂ ತ್ರೈರಾಶಿಯೂ

ಒಂದು ಟರ್ಬೈನ್ ಹತ್ತು ಯೂನಿಟ್ ವಿದ್ಯುತ್ ಕೊಟ್ಟರೆ ನೂರು ಟರ್ಬೈನ್‌ಗಳು ಎಷ್ಟು ಕೊಡುತ್ತವೆ? ತ್ರೈರಾಶಿ ಕಲಿತ ಮಕ್ಕಳು "ಸಾವಿರ" ಎನ್ನುತ್ತಾರೆ. ಆದರೆ ಉಬ್ಬರವಿಳಿತದ ನೀರು ಹರಿಯುವ ಜಲಸಂಧಿಯಲ್ಲಿ ಈ ತ್ರೈರಾಶಿ ನಡೆಯುವುದಿಲ್ಲ. ಇದು ತಿಳಿದುಬಂದ ಚರಿತ್ರೆಯನ್ನು ಇಲ್ಲಿ ನೋಡೋಣ.

ಮೊದಲ ಲೆಕ್ಕ ಗಾಳಿಯಂತ್ರದ್ದು. 1915ರಲ್ಲಿ ಇಂಗ್ಲೆಂಡಿನ ಲ್ಯಾಂಚೆಸ್ಟರ್, 1920ರಲ್ಲಿ ಜರ್ಮನಿಯ ಆಲ್ಬರ್ಟ್ ಬೆಟ್ಸ್ ಮತ್ತು ರಷ್ಯಾದ ಝುಕೋವ್‌ಸ್ಕಿ ಬೇರೆ ಬೇರೆಯಾಗಿ ಒಂದೇ ಮಿತಿಯನ್ನು ಕಂಡುಕೊಂಡರು. ಬೀಸುವ ಗಾಳಿಯ ಚಲನಶಕ್ತಿಯಲ್ಲಿ 27ರಲ್ಲಿ 16 ಪಾಲು, ಅಂದರೆ ಶೇ. 59.3 ಮಾತ್ರ ನಮಗೆ ದಕ್ಕುತ್ತದೆ. ಪೂರ್ತಿ ಹೀರಿದರೆ ಗಾಳಿ ಯಂತ್ರದ ಹಿಂದೆಯೇ ನಿಂತುಬಿಡುತ್ತದೆ, ಹೊಸ ಗಾಳಿ ಬರಲು ದಾರಿಯೇ ಇರುವುದಿಲ್ಲ!

ಗಾಳಿಗೆ ಮೇಲೆ ಬಯಲು ಆಕಾಶವಿದೆ. ಜಲಸಂಧಿಗೆ ಅಡಿಯಲ್ಲಿ ನೆಲ, ಎರಡು ಬದಿಗಳಲ್ಲಿ ದಡ, ಮೇಲೆ ನೀರಿನ ಮಟ್ಟ. 2005ರಲ್ಲಿ ಕೆನಡಾದ ಕ್ರಿಸ್ ಗ್ಯಾರೆಟ್ ಮತ್ತು ಪ್ಯಾಟ್ರಿಕ್ ಕಮ್ಮಿನ್ಸ್ ಇಡೀ ಜಲಸಂಧಿಯನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಟರ್ಬೈನ್‌ಗಳು ಹೆಚ್ಚಿದಂತೆ ಪ್ರವಾಹವೇ ನಿಧಾನವಾಗುತ್ತದೆ. ಒಂದು ಹಂತದವರೆಗೆ ಒಟ್ಟು ವಿದ್ಯುತ್ ಏರುತ್ತದೆ, ಅದರಾಚೆ ಹೊಸ ಟರ್ಬೈನ್ ಇಟ್ಟರೆ ಇಳಿಯುತ್ತದೆ! ಘರ್ಷಣೆಯೇ ಪ್ರಧಾನವಾದ ಜಲಸಂಧಿಯಲ್ಲಿ ಗರಿಷ್ಠ ಶಕ್ತಿ ಸಿಗುವಾಗ ಹರಿವು ಮೊದಲಿದ್ದುದರ ಶೇ. 58ಕ್ಕೆ ಇಳಿದಿರುತ್ತದೆ. ಶಕ್ತಿಯು ವೇಗದ ಘನವನ್ನು ಅವಲಂಬಿಸಿದೆ. 0.58ರ ಘನ ಸುಮಾರು 0.2. ಉಳಿದುದೆಲ್ಲ ಹಾಗೆಯೇ ಇದ್ದರೂ ಪ್ರತಿ ಟರ್ಬೈನಿಗೆ, ಒಂಟಿಯಾಗಿದ್ದಾಗ ಸಿಗುತ್ತಿದ್ದುದರ ಐದನೇ ಒಂದು ಪಾಲು ಮಾತ್ರ.

ಹಾಗಾದರೆ ಟರ್ಬೈನ್‌ಗಳನ್ನು ಹೇಗೆ ಜೋಡಿಸಬೇಕು? 2007ರಲ್ಲಿ ಅದೇ ಇಬ್ಬರು ಇದಕ್ಕೂ ಸೂತ್ರ ಕೊಟ್ಟರು. ಜಲಸಂಧಿಯ ಅಡ್ಡಕೊಯ್ತದ ಹತ್ತನೇ ಒಂದು ಪಾಲನ್ನು ಟರ್ಬೈನ್‌ಗಳು ಆವರಿಸಿದರೆ ನೀರಿಗೆ ಸುತ್ತಿ ಹೋಗಲು ಜಾಗ ಕಡಿಮೆಯಾಗಿ ಬೆಟ್ಸ್ ಮಿತಿ ಶೇ. 73ರ ಹತ್ತಿರಕ್ಕೆ ಏರುತ್ತದೆ. 59.3ನ್ನು 0.9ರ ವರ್ಗದಿಂದ ಭಾಗಿಸಿ ನೋಡಿ. 2012ರಲ್ಲಿ ಆಕ್ಸ್‌ಫರ್ಡಿನ ನಿಶಿನೊ ಮತ್ತು ವಿಲ್ಡೆನ್, ಅಗಲವಾದ ಜಲಸಂಧಿಯ ಒಂದು ಭಾಗದಲ್ಲಷ್ಟೇ ಟರ್ಬೈನ್‌ಗಳನ್ನು ಸರಿಯಾದ ಅಂತರದಲ್ಲಿ ಸಾಲಾಗಿ ಇಟ್ಟರೆ ಮಿತಿ ಶೇ. 79.8ರವರೆಗೆ ಹೋಗಬಲ್ಲದೆಂದು ತೋರಿಸಿದರು. ಸಂಖ್ಯೆಯಷ್ಟೇ ಮುಖ್ಯ ಜೋಡಣೆ!

ಈ ಲೆಕ್ಕಕ್ಕೆ ದೊಡ್ಡ ಕಣ ಸ್ಕಾಟ್ಲೆಂಡಿಗೂ ಆರ್ಕ್ನಿ ದ್ವೀಪಗಳಿಗೂ ನಡುವಿನ ಪೆಂಟ್‌ಲ್ಯಾಂಡ್ ಫರ್ತ್. ಟರ್ಬೈನ್‌ಗಳು ಪ್ರವಾಹವನ್ನು ತಡೆಯುವುದನ್ನೂ ಸೇರಿಸಿ 2013ರಲ್ಲಿ ಆಕ್ಸ್‌ಫರ್ಡಿನ ಆಡ್ಕಾಕ್ ಮತ್ತು ಸಂಗಡಿಗರು ಅಲ್ಲಿಂದ ಸರಾಸರಿ 1.9 ಗಿಗಾವ್ಯಾಟ್‌ವರೆಗೆ ಪಡೆಯಬಹುದೆಂದು ಅಂದಾಜಿಸಿದರು. 2018ರಲ್ಲಿ ಅಲ್ಲಿ ಪೂರ್ಣವಾಗಿ ಕೆಲಸ ಆರಂಭಿಸಿದ ಮೇಜೆನ್ ಯೋಜನೆಯ ಮೊದಲ ಹಂತದಲ್ಲಿ 4 ಟರ್ಬೈನ್‌ಗಳು, ಒಟ್ಟು 6 ಮೆಗಾವ್ಯಾಟ್ ಸಾಮರ್ಥ್ಯ.

ನಮ್ಮ ಕಾಸರಗೋಡಿನ ಕಡಲಲ್ಲಿ ಉಬ್ಬರವಿಳಿತ ಅಲ್ಪ. ಭಾರತದಲ್ಲಿ ಅದು ಜೋರಾಗಿರುವುದು ಗುಜರಾತಿನ ಖಂಭಾತ್ ಮತ್ತು ಕಚ್ಛ್ ಕೊಲ್ಲಿಗಳಲ್ಲಿ. ನಾಳೆ ಅಲ್ಲಿ ಟರ್ಬೈನ್ ಸಾಲುಗಳ ಮಾತು ಬಂದಾಗ ನಮ್ಮ ಮಕ್ಕಳು "ಎಷ್ಟು ಟರ್ಬೈನ್?" ಎಂದಷ್ಟೇ ಕೇಳದೆ, "ಅವನ್ನು ಇಟ್ಟ ಮೇಲೆ ನೀರು ಎಷ್ಟು ಹರಿಯುತ್ತದೆ?" ಎಂದೂ ಕೇಳಲಿ.